ಚಹಾ ಮೊಟ್ಟೆ, ಆರನೇ ಸುತ್ತು: ಗೆರೆ ಕೊನೆಗೂ ಬಿಳಿಯ ಮೇಲೆ ಕೂತಿತು

ಬಂತು! ಇವತ್ತು ಬೆಳಿಗ್ಗೆ ಸುಲಿದ ಎಂಟು ಮೊಟ್ಟೆಯಲ್ಲಿ ಏಳಕ್ಕೆ ಗೆರೆ ಚೆನ್ನಾಗಿ ಮೂಡಿದೆ. ಚಹಾ ಮೊಟ್ಟೆ ಅಂದರೆ ಬೇಯಿಸಿದ ಮೊಟ್ಟೆಯ ಸಿಪ್ಪೆಗೆ ಬಿರುಕು ಬಿಡಿಸಿ, ಚಹಾ, ಮಸಾಲೆಯ ರಸದಲ್ಲಿ ಮತ್ತೆ ಬೇಯಿಸುವುದು. ರಸ ಬಿರುಕಿನಿಂದ ಇಳಿದು ಒಳಗಿನ ಬಿಳಿಯ ಮೇಲೆ ಗೆರೆ ಮೂಡಿಸಬೇಕು. ಒಂದನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಬೇಸಿಗೆಯಲ್ಲಿ ಕೆರೆಯ ತಳ ಬಿರುಕು ಬಿಟ್ಟ ಹಾಗೆ ಕಂದು ಗೆರೆಗಳು, ತುದಿಗೆ ಹೋದ ಹಾಗೆ ಕೂದಲೆಳೆಯಷ್ಟು ಸಣ್ಣ. ಐದು ಸುತ್ತು ಕೆಟ್ಟ ಮೇಲೆ ಇದನ್ನು ನೋಡುವ ಖುಷಿಯೇ ಬೇರೆ.

ಮಸಾಲೆ ಎಲ್ಲರೂ ಹಾಕುವುದೇ. ನನ್ನದೂ ಅದೇ: ಸೋಯಾ ಸಾಸ್, ಚಕ್ರಮೊಗ್ಗು, ಚಕ್ಕೆ, ಒಣಗಿಸಿದ ಕಿತ್ತಳೆ ಸಿಪ್ಪೆ, ನಾಲ್ಕು ಕಾಳು ಸಿಚುವಾನ್ ಮೆಣಸು. (ಇದು ನಮ್ಮ ಕುಮಟಾ ಕಡೆಯ ಜುಮ್ಮನಕಾಯಿಯ ಹತ್ತಿರದ ನಂಟು. ನಾಲಿಗೆ ಅದೇ ಥರ ಜುಮ್ ಅನ್ನುತ್ತದೆ.) ಇಲ್ಲಿ ತೈವಾನ್‌ನಲ್ಲಿ ಮೂಲೆ ಅಂಗಡಿಗೆ ಕಾಲಿಟ್ಟರೆ ಮೊದಲು ಮೂಗಿಗೆ ಬರುವುದೇ ಈ ವಾಸನೆ. ಮನೆಯಲ್ಲೂ ಅದು ಮೊದಲ ಸುತ್ತಿಗೇ ಬಂದಿತ್ತು. ಬರದೇ ಇದ್ದದ್ದು ಗೆರೆ.

ಸಿಪ್ಪೆ ತೆಗೆದರೆ ಒಳಗಿನ ತೆಳು ಪೊರೆಯ ಮೇಲೆ ಎಷ್ಟು ಚೆಂದದ ಚಿತ್ತಾರ ಅಂತೀರಿ! ಪೊರೆ ಎಳೆದರೆ ಅದರ ಜೊತೆ ಬಿಳಿ ಭಾಗವೂ ಕಿತ್ತು ಬರುತ್ತಿತ್ತು. ಉಳಿದದ್ದು ಹಳ್ಳಕೊಳ್ಳ ಬಿದ್ದ ಮೊಟ್ಟೆ.

ಮೊದಲು ಚಹಾದ ಮೇಲೆ ಅನುಮಾನ ಬಂತು. ಹುರಿದ ಊಲಾಂಗ್ ಚಹಾ ಬಿಟ್ಟು ಸನ್ ಮೂನ್ ಲೇಕ್‌ನ ಬ್ಲ್ಯಾಕ್ ಟೀ ತಂದೆ. 1925ರಲ್ಲಿ ಜಪಾನಿಯರ ಆಡಳಿತದಲ್ಲಿ ಆ ಸರೋವರದ ಸುತ್ತ ಅಸ್ಸಾಂ ಚಹಾ ನೆಟ್ಟರು. ಅಸ್ಸಾಂ ಗಿಡದ ಎಲೆ ಅಲ್ವಾ, ಬಣ್ಣ ಕಡು. ಅಲ್ಲಿನ ದೋಣಿಕಟ್ಟೆಯ ಹೆಸರಾಂತ ಚಹಾ ಮೊಟ್ಟೆಯೂ ಅದೇ ಚಹಾದಲ್ಲಿ, ಅಣಬೆ ಜೊತೆ ಬೇಯುತ್ತದೆ. ರುಚಿ ಏನೋ ಏರಿತು, ಆದರೆ ಸುಲಿಯುವ ಕಷ್ಟ ಹಾಗೇ ಇತ್ತು. ಸೋಯಾ ಸಾಸ್ ಜಾಸ್ತಿ ಮಾಡಿದೆ. ಇಡೀ ಮೊಟ್ಟೆ ಕಪ್ಪಾಗಿ ಬರೀ ಉಪ್ಪುಪ್ಪು.

ಬಿಡಿಸಿ ಹೇಳಿದವರು ಪಕ್ಕದ ಮನೆಯ ಆಯಿ. ಚೀನೀ ಭಾಷೆಯಲ್ಲಿ ತಾಯಿಯ ವಯಸ್ಸಿನ ಹೆಂಗಸರನ್ನು ಹಾಗೇ ಕರೆಯುತ್ತಾರೆ, ನಮ್ಮೂರಲ್ಲಿ ಅಮ್ಮನನ್ನು ಕರೆದ ಹಾಗೇ ಕೇಳುತ್ತದೆ. ಅವರು ಕೇಳಿದ್ದು ಒಂದೇ ಮಾತು: ‘ಮೊಟ್ಟೆ ಯಾವಾಗ ತಂದದ್ದು?’ ಇವತ್ತೇ ಅಂದೆ. ‘ಒಂದು ವಾರ ಇಡು’ ಅಂದರು.

ಕಾರಣ ಆಮೇಲೆ ಓದಿ ತಿಳಿದುಕೊಂಡೆ. ಹೊಸ ಮೊಟ್ಟೆಯ ಬಿಳಿ ಭಾಗದಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತದೆ. ದಿನ ಕಳೆದ ಹಾಗೆ ಅದು ಸಿಪ್ಪೆಯ ಸಣ್ಣ ತೂತುಗಳಿಂದ ಹೊರಗೆ ಹೋಗುತ್ತದೆ, ಬಿಳಿಯ ಕ್ಷಾರ ಏರುತ್ತದೆ, ಪೊರೆಯ ಹಿಡಿತ ಸಡಿಲಾಗುತ್ತದೆ. ಮಾರ್ಕೆಟ್‌ನ ಮೊಟ್ಟೆಯವನಿಗೆ ಇದನ್ನು ಹೇಳಿ ಹೋದ ವಾರದ್ದು ಕೊಡಪ್ಪ ಅಂದರೆ, ಮತ್ತೆ ಮತ್ತೆ ಬೆಳಗಿನ ಮೊಟ್ಟೆಯನ್ನೇ ಮುಂದಿಡುತ್ತಾನೆ. ಮಸಾಲೆ ಅಂಗಡಿಯವರು ಇದಕ್ಕೆ ಉಲ್ಟಾ. ಚಕ್ರಮೊಗ್ಗಿನ ಪೊಟ್ಟಣದಲ್ಲಿ ಅರ್ಧ ಪುಡಿ, ವಾಸನೆ ಯಾವಾಗಲೋ ಹೋಗಿದೆ. ದುಡ್ಡು ಮಾತ್ರ ಪೂರ್ತಿ.

ಇನ್ನೊಂದು ತಪ್ಪು ಒಡೆಯುವುದರಲ್ಲಿತ್ತು. ಬಿಸಿ ಇರುವಾಗಲೇ ಕುಟ್ಟುತ್ತಿದ್ದೆ, ಸಿಪ್ಪೆ ಚೂರುಚೂರಾಗಿ ಉದುರುತ್ತಿತ್ತು. ಉದುರಿದ ಕಡೆ ಗೆರೆ ಬರಲ್ಲ, ಕಲೆ ಬರುತ್ತದೆ. ಈ ಸಲ ತಣ್ಣೀರಲ್ಲಿ ಪೂರ್ತಿ ಆರಿಸಿ, ಅಂಗೈಯಲ್ಲಿ ತಿರುಗಿಸುತ್ತಾ ಚಮಚದ ಬೆನ್ನಿಂದ ತಟ್ಟಿದೆ. ಮೊದಲು ‘ಟಕ್ ಟಕ್’ ಅನ್ನುತ್ತದೆ. ಬಿರುಕು ಸುತ್ತಲೂ ಹಬ್ಬಿದ ಮೇಲೆ ಸದ್ದು ಮಂದವಾಗುತ್ತದೆ, ಬೆರಳಿಗೆ ಸಿಪ್ಪೆ ಸ್ವಲ್ಪ ಒಳಗೆ ಒತ್ತಿದ ಹಾಗೆ ಸಿಗುತ್ತದೆ. ಅಲ್ಲಿಗೆ ನಿಲ್ಲಿಸಿ. ಆಮೇಲೆ ಸಣ್ಣ ಉರಿಯಲ್ಲಿ 20 ನಿಮಿಷ, ಒಲೆ ಆರಿಸಿ, ಆರಿದ ಮೇಲೆ ರಸದ ಸಮೇತ ಫ್ರಿಜ್‌ನಲ್ಲಿ ಇಡೀ ರಾತ್ರಿ.

ಅಂದ ಹಾಗೆ, ಮುಂದೆ ತಮ್ಸುಯಿ ಊರಿನ ಕಬ್ಬಿಣದ ಮೊಟ್ಟೆ ಮಾಡಬೇಕು. ಮಸಾಲೆ ರಸದಲ್ಲಿ ಬೇಯಿಸಿ, ಗಾಳಿಗೆ ಒಣಗಿಸಿ, ಮತ್ತೆ ಬೇಯಿಸಿ, ಮತ್ತೆ ಒಣಗಿಸಿ. ಹೀಗೇ ಮಾಡುತ್ತಾ ಹೋದರೆ ಮೊಟ್ಟೆ ಕುಗ್ಗಿ, ಕಪ್ಪಾಗಿ, ಜಗಿದಷ್ಟೂ ರುಚಿ ಬಿಡುತ್ತದೆ. ಗೌಜಲ ಹಕ್ಕಿಯ ಮೊಟ್ಟೆಯಲ್ಲಿ ಶುರು ಮಾಡುತ್ತೇನೆ, ಬೇಗ ಒಣಗುತ್ತದೆ. ಇವತ್ತಿನ ರಸ ಚೆಲ್ಲಿಲ್ಲ, ಸೋಸಿ ಅದಕ್ಕೇ ಇಟ್ಟಿದ್ದೇನೆ.

ಗೆರೆ ಬಾರದ ಆ ಎಂಟನೆಯದು? ನಿನ್ನೆ ತಂದ ಮೊಟ್ಟೆ. ಪರೀಕ್ಷೆಗೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಬಿಟ್ಟಿದ್ದೆ.