ಚೀಟಿ ಎತ್ತಿ ಮಾಡಿದ ತಂಡ

ನಮ್ಮ ಕಾಲದಲ್ಲಿ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್‌ಗೆ ಸೇರುವವರು ಎರಡು ಥರ. ಸರ್ಟಿಫಿಕೇಟಿಗಾಗಿ ಸೇರುವವರು, ಗೆಳೆಯ ಸೇರಿದ ಅಂತ ಸೇರುವವರು. ನಾನು ಎರಡನೇ ಥರ.

1969ರ ಸೆಪ್ಟೆಂಬರ್ 24ರಂದು, ಗಾಂಧೀಜಿ ಜನ್ಮಶತಾಬ್ದಿಯ ವರ್ಷ, ಈ ಯೋಜನೆಗೆ ಚಾಲನೆ ಕೊಟ್ಟವರು ಆಗಿನ ಕೇಂದ್ರ ಶಿಕ್ಷಣ ಸಚಿವ ವಿ.ಕೆ.ಆರ್.ವಿ. ರಾವ್. ಅವರು ನಮ್ಮ ಬಳ್ಳಾರಿಯಿಂದ ಗೆದ್ದ ಸಂಸದರು ಅಂತ ನಮ್ಮ ಮೇಷ್ಟ್ರು ಹೆಮ್ಮೆಯಿಂದ ಹೇಳುತ್ತಿದ್ದರು. ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಹಳ್ಳಿಯಲ್ಲಿ 7 ದಿನದ ವಿಶೇಷ ಶಿಬಿರ. ಆ ಗಂಟೆಗಳಲ್ಲಿ ಏನು ಮಾಡಿದೆವೋ ಮರೆತಿದೆ. ಶಿಬಿರ ಮರೆತಿಲ್ಲ.

ಮೇಷ್ಟ್ರು ಚೀಟಿ ಎತ್ತಿ ತಂಡ ಮಾಡಿದರು. ಗೆಳೆಯರೆಲ್ಲ ದಿಕ್ಕಾಪಾಲು. ನಮ್ಮ ನಾಯಕಿ ಬಿ.ಎ. ಓದುತ್ತಿದ್ದ ರೈತರ ಮನೆ ಹುಡುಗಿ. ಅಡುಗೆ ಸರದಿಯ ದಿನ ಕತ್ತಲಿರುವಾಗಲೇ ಎಬ್ಬಿಸಿ, ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಲು ಕೂರಿಸುತ್ತಿದ್ದಳು. ಬಿ.ಕಾಂ.ನ ಒಬ್ಬ ಸೋಮಾರಿ ಏಳಲೇ ಇಲ್ಲ. ಅವಳು ಬೈಯಲಿಲ್ಲ. ಸುಮ್ನೆ ಅವನ ಕೈಗೆ ಸೌಟು ಕೊಟ್ಟು, "ಇವತ್ತು ನೀನೇ ಬಡಿಸು" ಅಂದಳು. ಬಡಿಸುವವನು ಕೊನೆಗೆ ಉಣ್ಣಬೇಕು, ಅಲ್ವಾ? ಮುಂದಿನ ಸರದಿಗೆ ಎಲ್ಲರಿಗಿಂತ ಮೊದಲು ಎದ್ದವನು ಅವನೇ. ನಾಯಕತ್ವದ ಬಗ್ಗೆ ಶಿಬಿರದಲ್ಲಿ ಉಪನ್ಯಾಸಗಳೂ ಇದ್ದವು. ಅವುಗಳಲ್ಲಿ ನಿದ್ದೆ ಮಾಡಿದವರೇ ಜಾಸ್ತಿ.

ಶಾಲೆಯ ಹಿಂದೆ ಇಂಗುಗುಂಡಿ ತೋಡುವ ಕೆಲಸ ನಮ್ಮದು. ಊರಿನವರು ಕಟ್ಟೆ ಮೇಲೆ ಕೂತು ನೋಡುತ್ತಿದ್ದರು. ನಾವು ಗುದ್ದಲಿ ಹಿಡಿದ ರೀತಿ ನೋಡಲಾಗದೆ ಒಬ್ಬ ಅಜ್ಜ ಎದ್ದು ಬಂದು ಕಿತ್ತುಕೊಂಡರು. ಸಂಜೆ ಹೊತ್ತಿಗೆ ಅರ್ಧ ಊರು ಹಾರೆ, ಬಾಂಡ್ಲಿ ಹಿಡಿದು ಗುಂಡಿಯ ಸುತ್ತ ನಿಂತಿತ್ತು.

ಕ್ಲಾಸಿನಲ್ಲಿ ಪಕ್ಕ ಕೂತವರ ಫೋನ್ ನಂಬರ್ ಈಗ ನನ್ನ ಹತ್ತಿರ ಇಲ್ಲ. ಆ ತಂಡದವರದ್ದೆಲ್ಲ ಇದೆ. ಹಸಿದು ಸಿಡುಕಿದ್ದನ್ನು, ಕೈ ಬೊಬ್ಬೆ ಬಂದು ಗೊಣಗಿದ್ದನ್ನು ಪರಸ್ಪರ ನೋಡಿದ್ದೇವೆ. ಹಾಗಾಗಿ ಸಹಾಯ ಕೇಳಲು ಪೀಠಿಕೆ ಬೇಕಾಗುವುದಿಲ್ಲ. ಅಪ್ಪನ ಆಪರೇಷನ್‌ಗೆ ರಕ್ತ ಬೇಕಾದ ರಾತ್ರಿ ಗುಂಪಿಗೆ ಒಂದೇ ಸಾಲು ಹಾಕಿದ್ದೆ. ಮೊದಲು ಬಂದವನು ಆ ಬಿ.ಕಾಂ. ಹುಡುಗನೇ.

ಅವನು ಈಗ ಬ್ಯಾಂಕಿನಲ್ಲಿದ್ದಾನೆ. ನಾಯಕಿ ತನ್ನೂರಿನ ಗ್ರಾಮ ಪಂಚಾಯಿತಿ ಸದಸ್ಯೆ. ಸ್ವಸಹಾಯ ಸಂಘದ ಹೆಂಗಸರ ಸಾಲದ ಅರ್ಜಿ ತುಂಬಿಸಲು ರಜಾ ದಿನ ಅವನನ್ನು ಕರೆಸುತ್ತಾಳೆ. ನನಗೂ ಆಗಾಗ ಫೋನ್ ಬರುತ್ತದೆ. ಬಿಡುವಿದೆಯಾ ಅಂತ ಕೇಳುವ ಅಭ್ಯಾಸ ಅವಳಿಗಿಲ್ಲ. "ಭಾನುವಾರ ಕೆರೆ ಏರಿ ಮೇಲೆ ಗಿಡ ನೆಡೋದಿದೆ, ಏಳಕ್ಕೆ ಬಾ" ಅನ್ನುತ್ತಾಳೆ, ಫೋನ್ ಇಡುತ್ತಾಳೆ.