ಕಾರ್ಟರ್, ಮಿಂಗಸ್, ಅಪ್ಪನ ಫೋನು

ಜನವರಿ 9, 2025, ಗುರುವಾರ ರಾತ್ರಿ
ಜಾನ್ಸ್ ಕ್ರೀಕ್, ಜಾರ್ಜಿಯಾ

ನಾಳೆ ಹಿಮ ಬೀಳುತ್ತಂತೆ. ಶಾಲೆಗೆ ರಜೆ ಅಂತ ಸಂಜೆಯೇ ಮೆಸೇಜು ಬಂತು, ಪುಟ್ಟ ಕುಣಿದಾಡಿದ. ಅಂಗಡಿಯಲ್ಲಿ ಹಾಲೂ ಇಲ್ಲ, ಬ್ರೆಡ್ಡೂ ಇಲ್ಲ. ಎರಡಿಂಚು ಹಿಮಕ್ಕೆ ಅಟ್ಲಾಂಟಾದವರು ಮಾಡುವ ಗಲಾಟೆ ನೋಡಿದರೆ ಪ್ರಳಯವೇ ಬಂತು ಅನ್ನಬೇಕು. ಇರಲಿ.

ಬೆಳಿಗ್ಗೆ ಮೀಟಿಂಗನ್ನು ಮ್ಯೂಟ್ ಮಾಡಿ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅಂತ್ಯಸಂಸ್ಕಾರದ ನೇರಪ್ರಸಾರ ನೋಡುತ್ತಾ ಕೂತಿದ್ದೆ. ವಾಷಿಂಗ್ಟನ್ನಿನ ನ್ಯಾಷನಲ್ ಕೆಥೀಡ್ರಲ್. ಕ್ಲಿಂಟನ್, ಬುಷ್, ಒಬಾಮಾ, ಟ್ರಂಪ್, ಬೈಡನ್, ಬದುಕಿರುವ ಐವರು ಅಧ್ಯಕ್ಷರೂ ಬಂದಿದ್ದರು. ಅಷ್ಟೂ ಭಾಷಣಗಳಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಜೆರಾಲ್ಡ್ ಫೋರ್ಡ್ ಅವರದ್ದು. ಅವರು 2006ರಲ್ಲೇ ಹೋದವರು. 1976ರ ಚುನಾವಣೆಯಲ್ಲಿ ತನ್ನನ್ನು ಸೋಲಿಸಿದವನಿಗಾಗಿ ಆ ಮನುಷ್ಯ ನಾಲ್ಕು ಮಾತು ಬರೆದಿಟ್ಟು ಹೋಗಿದ್ದರು, ಮಗ ಸ್ಟೀವನ್ ಇವತ್ತು ಓದಿದರು. ಸೋತವನು ಗೆದ್ದವನ ಬಗ್ಗೆ ಹೀಗೆ ಬರೆದಿಡುತ್ತಿದ್ದ ಕಾಲವೊಂದಿತ್ತು ಅಂತ ಪುಟ್ಟನಿಗೆ ಹೇಳಿದರೆ ನಂಬುತ್ತಾನೋ ಇಲ್ಲವೋ.

ಆಮೇಲೆ ಗಾರ್ತ್ ಬ್ರೂಕ್ಸ್, ಟ್ರಿಷಾ ಯಿಯರ್‌ವುಡ್ ಎದ್ದು ನಿಂತು ಲೆನನ್ನನ 'ಇಮ್ಯಾಜಿನ್' ಹಾಡಿದರು. 2023ರಲ್ಲಿ ಕಾರ್ಟರ್ ಹೆಂಡತಿ ರೋಸಲಿನ್ ತೀರಿಕೊಂಡಾಗ ಇಲ್ಲೇ ಎಮೊರಿ ವಿಶ್ವವಿದ್ಯಾಲಯದ ಚರ್ಚಿನಲ್ಲೂ ಇದೇ ಜೋಡಿ, ಇದೇ ಹಾಡು. ಸ್ವರ್ಗವೂ ಬೇಡ, ಧರ್ಮವೂ ಬೇಡ ಎನ್ನುವ ಹಾಡನ್ನು ಕೆಥೀಡ್ರಲ್ಲಿನ ಕಮಾನಿನಡಿ ಹಾಡಿಸಿಕೊಂಡು ಹೋದವರು ಯಾರು? ತೊಂಬತ್ತು ದಾಟಿದ ಮೇಲೂ ಪ್ಲೇನ್ಸ್ ಊರಿನ ಚರ್ಚಿನಲ್ಲಿ ಭಾನುವಾರದ ಪಾಠ ಹೇಳುತ್ತಿದ್ದ ಬ್ಯಾಪ್ಟಿಸ್ಟ್ ಭಕ್ತ. ಸಂಪ್ರದಾಯಸ್ಥರಿಗೆ ಮೈಯೆಲ್ಲ ಉರಿದಿರಬೇಕು. ನನಗೋ ಗಂಟಲು ಕಟ್ಟಿ, ಅನ್‌ಮ್ಯೂಟ್ ಮಾಡಿ ಮಾತಾಡುವ ಹೊತ್ತಿಗೆ ದನಿಯೇ ಹೊರಡಲಿಲ್ಲ. ನೆಗಡಿ ಅಂದೆ.

ಮಧ್ಯಾಹ್ನದ ಹೊತ್ತಿಗೆ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಒಬಾಮಾ, ಟ್ರಂಪ್ ಅಕ್ಕಪಕ್ಕ ಕೂತು ನಗುತ್ತಿರುವ ತುಣುಕು ಓಡಾಡತೊಡಗಿತು. ಒಬ್ಬರು "ನೋಡಿ, ಒಳಗೊಳಗೇ ಎಲ್ಲ ಒಂದೇ" ಅಂದರು. ಇನ್ನೊಬ್ಬರು "ಇದೇ ಪ್ರಜಾಪ್ರಭುತ್ವ" ಅಂದರು. ಮೂರನೆಯವರು ಅಕ್ರಮ ವಲಸಿಗರ ವಿಷಯ ತೆಗೆದರು. "ದಯವಿಟ್ಟು ರಾಜಕೀಯ ಬೇಡ, ಸಂಕ್ರಾಂತಿ ಊಟದ ಲೆಕ್ಕ ಕೊಡಿ" ಅಂತ ಅಡ್ಮಿನ್. ಸತ್ತವರ ಬಗ್ಗೆ ಒಂದು ಮಾತೂ ಇಲ್ಲ. ನಾನೂ ಎಳ್ಳುಬೆಲ್ಲಕ್ಕೆ ಹೆಸರು ಕೊಟ್ಟು ಸುಮ್ಮನಾದೆ.

ರಾತ್ರಿ ಪಾತ್ರೆ ತೊಳೆದಾದ ಮೇಲೆ 1978ರ ಜೂನ್ 18ರ ಆ ವಿಡಿಯೋ ಮತ್ತೆ ಹಾಕಿದೆ. ಶ್ವೇತಭವನದ ಹುಲ್ಲುಹಾಸಿನ ಮೇಲೆ ಜಾಝ್ ಕಛೇರಿ, ನ್ಯೂಪೋರ್ಟ್ ಉತ್ಸವಕ್ಕೆ 25 ವರ್ಷ ತುಂಬಿದ ನೆಪ. ಡಿಜ್ಜಿ ಗಿಲೆಸ್ಪಿ, ಮ್ಯಾಕ್ಸ್ ರೋಚ್, ಯೂಬಿ ಬ್ಲೇಕ್, ಸೆಸಿಲ್ ಟೇಲರ್, ಹೆಸರು ಬರೆಯುತ್ತಾ ಹೋದರೆ ಪುಟ ಸಾಲದು. ಕೊನೆಯಲ್ಲಿ ಗಿಲೆಸ್ಪಿ ಕಾರ್ಟರರನ್ನೇ ಎಳೆದು 'ಸಾಲ್ಟ್ ಪೀನಟ್ಸ್' ಎಂಬ ಎರಡು ಪದ ಹಾಡಿಸುತ್ತಾರೆ. ಶೇಂಗಾ ಬೆಳೆಗಾರನಿಂದ ಶೇಂಗಾ ಹಾಡು! ಆ ಎರಡು ಪದವನ್ನೂ ಅಧ್ಯಕ್ಷರು ತಾಳ ತಪ್ಪಿಸಿಯೇ ಹೇಳುತ್ತಾರೆ. ನಮ್ಮ ಜೊತೆ ಊರೂರು ತಿರುಗಲು ಬರ್ತೀರಾ ಅಂತ ಗಿಲೆಸ್ಪಿ ಕಿಚಾಯಿಸಿದರೆ, ಇವತ್ತಿನ ಮೇಲೆ ಅದೇ ಗತಿ ಆದೀತು ಅನ್ನುವ ಅರ್ಥದ ಉತ್ತರ. ಎಲ್ಲರೂ ನೋಡಿ ನಗುವುದು ಇಷ್ಟನ್ನು.

ನನ್ನನ್ನು ಕಾಡುವುದು ಆ ಸಂಜೆಯದ್ದೇ ಇನ್ನೊಂದು ಘಳಿಗೆ. ಚಾರ್ಲ್ಸ್ ಮಿಂಗಸ್ ಗಾಲಿಕುರ್ಚಿಯಲ್ಲಿ ಬಂದಿದ್ದರು. ಎಎಲ್‌ಎಸ್ ಎಂಬ ನರರೋಗ ಬಂದು ಕೈಕಾಲು ನಿಂತುಹೋಗಿತ್ತು. ಬೇಸ್ ತಂತಿಗಳನ್ನು ಸಿಟ್ಟಿನಿಂದ ಕಿತ್ತಿಡುವಂತೆ ನುಡಿಸುತ್ತಿದ್ದ, ವೇದಿಕೆಯ ಮೇಲೇ ಜಗಳಕ್ಕೆ ನಿಲ್ಲುತ್ತಿದ್ದ, ಬಿಳಿಯರ ಅಮೆರಿಕವನ್ನು ಹೆಸರು ಹಿಡಿದು ಬಯ್ಯುತ್ತಿದ್ದ ಮಿಂಗಸ್. ನಿರೂಪಕರು ಅವರ ಹೆಸರು ಹೇಳಿದ ಕೂಡಲೇ ಹುಲ್ಲುಹಾಸೆಲ್ಲ ಎದ್ದು ನಿಂತು ಚಪ್ಪಾಳೆ. ಕಾರ್ಟರ್ ನೇರ ಹೋಗಿ ಅವರನ್ನು ತಬ್ಬಿಕೊಂಡರು. ಮಿಂಗಸ್ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು, ಒರೆಸಿಕೊಳ್ಳಲು ಕೈ ಮೇಲೆ ಬರುವಂತಿರಲಿಲ್ಲ. ಮುಂದಿನ ಜನವರಿ 5ಕ್ಕೆ ಮೆಕ್ಸಿಕೋದಲ್ಲಿ ತೀರಿಕೊಂಡರು, 56ನೇ ವಯಸ್ಸಿಗೆ.

ಅದೇ ದಿನ ಕಾರ್ಟರ್ ಜಾಝ್‌ಗೆ ಸಿಗಬೇಕಾದ ಮರ್ಯಾದೆ ಸಿಗದಿರುವುದಕ್ಕೆ ವರ್ಣಭೇದವೂ ಒಂದು ಕಾರಣ, ನುಡಿಸುವವರಲ್ಲಿ ಹೆಚ್ಚಿನವರು ಕರಿಯರಾಗಿದ್ದರಲ್ಲ ಅಂತ ಬಾಯಿಬಿಟ್ಟು ಹೇಳಿದ್ದರು. ದಕ್ಷಿಣದ ಬಿಳಿಯ, ಜಾರ್ಜಿಯಾದ ಮಾಜಿ ಗವರ್ನರ್. ಸೆಸಿಲ್ ಟೇಲರರ ಪಿಯಾನೋ, ನನಗೇ ಇವತ್ತಿಗೂ ಪೂರ್ತಿ ದಕ್ಕದ ಸಂಗೀತ ಅದು, ಮುಗಿದೊಡನೆ ಎದ್ದು ಹೋಗಿ ಆತನ ಕೈ ಹಿಡಿದುಕೊಂಡವರೂ ಇವರೇ.

ನಮ್ಮ ಕಡೆ ಸಂಗೀತೋತ್ಸವಕ್ಕೆ ಮಂತ್ರಿ ಬರುವ ಚೆಂದ ನಿಮಗೆಲ್ಲ ಗೊತ್ತು. ಆರು ಗಂಟೆ ಅಂದವರು ಏಳೂವರೆಗೆ ಬರುತ್ತಾರೆ. ದೀಪ ಹಚ್ಚಿ, ಶಾಲು ಹೊದ್ದು, ಸಂಗೀತ ನಮ್ಮ ಸಂಸ್ಕೃತಿ ಅಂತ ಮುಕ್ಕಾಲು ಗಂಟೆ ಮಾತಾಡುತ್ತಾರೆ. ತಂಬೂರಿ ಶ್ರುತಿ ಕೂಡುವ ಹೊತ್ತಿಗೆ "ಬೇರೊಂದು ಕಾರ್ಯಕ್ರಮವಿದೆ" ಅಂತ ಕೈಮುಗಿದು ಎದ್ದರೆ, ಅವರ ಹಿಂದೆ ಮೊದಲ ಮೂರು ಸಾಲು ಖಾಲಿ. ಅಪ್ಪ ಆಗ ನನ್ನ ಕೈಹಿಡಿದು ಓಡಿಸಿಕೊಂಡು ಹೋಗಿ ಮುಂದಿನ ಕುರ್ಚಿಯಲ್ಲಿ ಕೂರಿಸುತ್ತಿದ್ದ. ದೀಪ ಹಚ್ಚಿದ ಮೇಲೂ ಕೂತಿದ್ದ ರಾಜಕಾರಣಿ ಅಂತ ನನಗೆ ಕಾರ್ಟರ್ ಮೇಲೆ ಹುಟ್ಟಿದ ಪ್ರೀತಿ ಅಲ್ಲಿಂದ ಬಂದದ್ದು, ಕ್ಯಾಂಪ್ ಡೇವಿಡ್ಡಿನ ಶಾಂತಿ ಒಪ್ಪಂದದಿಂದಲ್ಲ.

ಹಾಡುವ, ನುಡಿಸುವ ಅಧ್ಯಕ್ಷರಿಗೇನೂ ಇಲ್ಲಿ ಬರವಿಲ್ಲ. ನಿಕ್ಸನ್ ಪಿಯಾನೋ, ಕ್ಲಿಂಟನ್ ಸ್ಯಾಕ್ಸೊಫೋನ್. ಒಬಾಮಾ ಚಾರ್ಲ್ಸ್ಟನ್ನಿನಲ್ಲಿ 2015ರಲ್ಲಿ ಭಾಷಣದ ಮಧ್ಯೆ ತಡೆದು ನಿಂತು 'ಅಮೇಜಿಂಗ್ ಗ್ರೇಸ್' ಎತ್ತಿಕೊಂಡದ್ದನ್ನು ಮರೆಯುವ ಹಾಗೇ ಇಲ್ಲ. ಆದರೆ ಅದೂ ವೇದಿಕೆಯೇ. ಕೇಳುವವನಿಗೆ ಯಾರು ವೋಟು ಹಾಕುತ್ತಾರೆ?

ಕಾರ್ಟರಿಗೆ ಹಾಕಿದರಲ್ಲ. ಆ ಲೆಕ್ಕ ಬಲು ಮಜಾ. ವಾಟರ್‌ಗೇಟ್ ಹಗರಣ ಆದ ಮೇಲೆ 1974ರಲ್ಲಿ ಬಂದ ಕಾನೂನಿನ ಪ್ರಕಾರ, ಸಣ್ಣ ದೇಣಿಗೆ ಕೊಟ್ಟವರ ಹೆಸರು ವಿಳಾಸ ಇದ್ದರೆ ಅಷ್ಟೇ ಹಣವನ್ನು ಸರಕಾರ ಸೇರಿಸಿ ಕೊಡುತ್ತಿತ್ತು. ಮೇಕನ್ ಊರಿನ ಕ್ಯಾಪ್ರಿಕಾರ್ನ್ ರೆಕಾರ್ಡ್ಸ್‌ನ ಫಿಲ್ ವಾಲ್ಡನ್ ತನ್ನ ಆಲ್‌ಮನ್ ಬ್ರದರ್ಸ್ ಕಛೇರಿ ಇಡಿಸಿದ. ಟಿಕೆಟ್ ಕೊಂಡ ಉದ್ದಕೂದಲ ಹುಡುಗರೆಲ್ಲ ದಾನಿಗಳಾದರು. ಕೈಯಲ್ಲಿ ಕಾಸಿಲ್ಲದ ಶೇಂಗಾ ರೈತನ ಪ್ರಚಾರ ಗಿಟಾರಿನ ಮೇಲೆ ನಡೆಯಿತು. ಅಷ್ಟಕ್ಕೂ ಮೊದಲೇ, 1974ರಲ್ಲಿ, ಬಾಬ್ ಡಿಲನ್ ಅಟ್ಲಾಂಟಾಕ್ಕೆ ಬಂದಾಗ ಗವರ್ನರ್ ಬಂಗಲೆಗೆ ಕರೆದು ಕೂರಿಸಿಕೊಂಡಿದ್ದರು. ಅದೇ ವರ್ಷ ವಕೀಲರ ಸಭೆಯಲ್ಲಿ, ಭೂಮಾಲೀಕನಿಗೂ ದುಡಿಯುವವನಿಗೂ ಇರುವ ಸಂಬಂಧ ತನಗೆ ಅರ್ಥವಾದದ್ದು ಡಿಲನ್ನನ ಹಾಡು ಕೇಳಿದ ಮೇಲೆ ಅಂದರು. ತಾನೇ ಭೂಮಾಲೀಕನ ಮಗ, ನೆನಪಿರಲಿ.

ಇಷ್ಟು ಬರೆದು ಖುಷಿಯಲ್ಲಿದ್ದಾಗಲೇ ಟ್ರಂಪ್ ನೆನಪಾಗಬೇಕೆ! ಅಕ್ಟೋಬರದಲ್ಲಿ ಪೆನ್ಸಿಲ್ವೇನಿಯಾದ ಓಕ್ಸ್‌ನಲ್ಲಿ, ಸಭೆಯಲ್ಲಿ ಇಬ್ಬರು ತಲೆ ತಿರುಗಿ ಬಿದ್ದ ಮೇಲೆ, ಪ್ರಶ್ನೋತ್ತರ ಸಾಕು ಸಂಗೀತ ಕೇಳೋಣ ಅಂತ ವೇದಿಕೆಯ ಮೇಲೇ ಅರ್ಧ ಗಂಟೆಗೂ ಮೇಲೆ ತಲೆದೂಗುತ್ತಾ ನಿಂತುಬಿಟ್ಟರು. ಪವರಾಟಿ, ಶಿನೇಡ್ ಓ'ಕಾನರ್, 'ಆವೆ ಮರಿಯಾ', ಜೇಮ್ಸ್ ಬ್ರೌನ್. ಆಯ್ಕೆ ಕೆಟ್ಟದ್ದೇನಲ್ಲ. ನಮ್ಮ ಮನೆಯಲ್ಲಿ ಇವರು ಬಿದ್ದು ಬಿದ್ದು ನಕ್ಕರು, ನನಗೆ ಮಾತ್ರ ಕಸಿವಿಸಿ. ಕಣ್ಣು ಅರೆಮುಚ್ಚಿ ನಿಂತ ಆ ಮುಖದಲ್ಲಿ ಸಂಗೀತದ ಹುಚ್ಚು ಇದ್ದದ್ದು ಸುಳ್ಳಲ್ಲ. ಕೇಳುವುದೇ ಅಳತೆಗೋಲಾದರೆ ಇವರನ್ನೂ ಅದರಲ್ಲೇ ಅಳೆಯಬೇಕಲ್ಲ? ಗಾಯಕ ಐಸಾಕ್ ಹೇಯ್ಸ್ ಕುಟುಂಬದವರು ಟ್ರಂಪ್ ಸಭೆಗಳಲ್ಲಿ ನಮ್ಮ ಹಾಡು ಹಾಕಬೇಡಿ ಅಂತ ಇದೇ ಅಟ್ಲಾಂಟಾದ ಕೋರ್ಟಿಗೆ ಹೋಗಿ ತಡೆ ತರಬೇಕಾಯಿತು. ಹಾಡು ಬೇಕು, ಹಾಡಿನವರ ಮಾತು ಬೇಡ. ವ್ಯತ್ಯಾಸ ಇಲ್ಲೆಲ್ಲೋ ಇದೆ. ಆದರೆ ಕಾರ್ಟರ್ ಮಾತ್ರ ಏನು, 1977ರ ಡಿಸೆಂಬರ್ 31ರ ರಾತ್ರಿ ತೆಹರಾನಿನಲ್ಲಿ ಇರಾನಿನ ಶಾ ಎದುರು ಲೋಟ ಎತ್ತಿ ಹೊಗಳಿದ್ದೇ ಹೊಗಳಿದ್ದು. ಆ ಶಾನ ಜೈಲುಗಳಿಂದ ಬಂದ ದನಿ ಈ ಕಿವಿಗೆ ಬೀಳಲಿಲ್ಲವೇ?

ಭಾನುವಾರ ರಾತ್ರಿ ಕಾರ್ಟರ್ ಸೆಂಟರಿಗೆ ಹೋಗಿದ್ದೆವು, ಬರೆಯುವುದೇ ಬಿಟ್ಟುಹೋಗಿತ್ತು. ಶವಪೆಟ್ಟಿಗೆಯ ದರ್ಶನಕ್ಕೆ ರಾತ್ರಿಯೆಲ್ಲ ಬಾಗಿಲು ತೆರೆದಿತ್ತು. ಒಳಗೆ ನಿಂತದ್ದು ಅರೆಕ್ಷಣ, ಹೊರಗಿನ ಸಾಲಿನದ್ದೇ ದೊಡ್ಡ ಕಥೆ. ನಮ್ಮ ಮುಂದೆ ಒಬ್ಬಾಕೆ, ಕರಿಯ ಅಜ್ಜಿ, ಚರ್ಚಿನಲ್ಲಿ ಆರ್ಗನ್ ನುಡಿಸುವವರು. ಇಂಡಿಯಾದವರಾ ಅಂದರು. ಹೌದು ಅಂದದ್ದೇ ತಡ, "ಮಿಸ್ ಲಿಲಿಯನ್ ನಿಮ್ಮೂರಿಗೆ ಬಂದಿದ್ದರಲ್ಲ!" ಕಾರ್ಟರ್ ತಾಯಿ ಲಿಲಿಯನ್ ಪೀಸ್ ಕೋರ್ ಎಂಬ ಅಮೆರಿಕದ ಸ್ವಯಂಸೇವಕ ಪಡೆ ಸೇರಿ 1966ರಲ್ಲಿ ಮುಂಬಯಿಯ ವಿಕ್ರೋಳಿಗೆ ಹೋಗಿದ್ದರು, 68ರ ವಯಸ್ಸಲ್ಲಿ, ನರ್ಸಾಗಿ. ಹುಟ್ಟಿದ ದಿನ ಆಗಸ್ಟ್ 15, ಬೇಕಾದರೆ ನೋಡಿ. ಆ ಅಜ್ಜಿಗೆ ಮಗನಿಗಿಂತ ತಾಯಿಯ ಮೇಲೇ ಹೆಚ್ಚು ಅಭಿಮಾನ ಇದ್ದಂತಿತ್ತು. "ಬಾಯಿ ಜೋರು, ಮನಸ್ಸು ದೊಡ್ಡದು" ಅಂದರು. ಚಳಿಗೆ ನಡುಗುತ್ತಿದ್ದ ಪುಟ್ಟನ ಕೈಗೆ ತಮ್ಮ ಗ್ಲೌಸು ತೊಡಿಸಿದರು. ಅದು ಈಗಲೂ ನಮ್ಮ ಕಾರಿನಲ್ಲೇ ಇದೆ, ವಾಪಸು ಇಸಿದುಕೊಳ್ಳಲು ಆಕೆಗೂ ನೆನಪಾಗಲಿಲ್ಲ, ನಮಗೂ.

ಒಂಬತ್ತೂವರೆಗೆ ಅಪ್ಪನ ಫೋನು. ಅಲ್ಲಿ ಬೆಳಿಗ್ಗೆ ಎಂಟು, ಲಿಂಗಸುಗೂರಿನ ಮನೆಯ ಕಟ್ಟೆ, ಎರಡನೇ ಚಾ.

"ಏನವ್ವಾ, ನಿಮ್ಮ ಕಾರ್ಟರನ್ನ ಮಣ್ಣು ಮಾಡಿದ್ರಂತ? ಟಿವ್ಯಾಗ ತೋರಸ್ಲಾಕತ್ತಾರ."

ಹೌದಪ್ಪ ಅಂದೆ.

"ಮೊರಾರ್ಜಿ ಇದ್ದಾಗ ಬಂದಿದ್ದ. ಹರಿಯಾಣದಾಗ ಒಂದು ಹಳ್ಳಿಗೆ ಆತನ ಹೆಸರಿಟ್ರು, ಕಾರ್ಟರ್‌ಪುರಿ ಅಂತ. ನಾರುಹುಣ್ಣು ನಿಂದ್ರಿಸಿದಾಂವ ಆತನೇ ಅಲ್ಲೇನು?"

ಅಪ್ಪನ ಹಿಮ್ಮಡಿಯ ಮೇಲೆ ನಾರುಹುಣ್ಣಿನ ಗುರುತು ಇದೆ. ಚಿಕ್ಕವಳಿದ್ದಾಗ ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಪಾವಟಿಗೆ ಬಾವಿಯ ನೀರು ಕುಡಿದರೆ ವರ್ಷದ ಮೇಲೆ ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಬಿಳಿ ದಾರದಂಥ ಹುಳ ತಲೆ ಹಾಕುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಾ ಸ್ವಲ್ಪ ಸ್ವಲ್ಪ ಎಳೆಯಬೇಕು, ಅವಸರ ಮಾಡಿ ಹರಿದರೆ ಕಾಲು ಬಾತು ಕೊಡ. ಅಪ್ಪನ ಹುಳ ಅಜ್ಜಿಯ ಕೈಯಲ್ಲಿ ಹರಿದಿತ್ತು.

ನಮ್ಮ ದೇಶದಲ್ಲಿ ಮುಖ್ಯವಾಗಿ ಅದನ್ನು ಮಾಡಿದ್ದು ನಮ್ಮ ಸರಕಾರವೇ ಅಪ್ಪಾ, ಎಂಬತ್ತರ ದಶಕದಲ್ಲಿ ಬಾವಿಗೆ ಔಷಧ ಹಾಕಿ, ಮೆಟ್ಟಿಲು ಮುಚ್ಚಿಸಿ, ನೀರು ಸೋಸಿ ಕುಡಿಯಲು ಹೇಳಿ. 2000ದಲ್ಲಿ ಭಾರತ ಮುಕ್ತ ಅಂತಾಯ್ತು. ಕಾರ್ಟರ್ ಸಂಸ್ಥೆಯ ದೊಡ್ಡ ಕೆಲಸ ಆಫ್ರಿಕಾದಲ್ಲಿ, 1986ರಲ್ಲಿ ಜಗತ್ತಿನಲ್ಲಿ 35 ಲಕ್ಷ ಜನಕ್ಕಿತ್ತು, 2023ರಲ್ಲಿ 14 ಮಂದಿಗೆ, ಅಂತೆಲ್ಲ ವಿವರಿಸಿದೆ.

"ಹದಿನಾಲ್ಕು ಲಕ್ಷ?"

"ಬರೇ ಹದಿನಾಲ್ಕು ಜನ ಅಪ್ಪಾ."

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಲ್ಲವ್ವಾ, ಆ ಟ್ರಂಪ ಕುರ್ಚಿ ಮ್ಯಾಲೆ ಕುಂತ ದಿನಾನೇ ಬರೀತಾನಂತಲ್ಲ, ಅಲ್ಲಿ ಹುಟ್ಟಿದ ಕೂಸು ಅಲ್ಲೀದಲ್ಲ ಅಂತ? ಪೇಪರ್ದಾಗ ಓದಿದೆ."

ಆಗ ಗೊತ್ತಾಯಿತು ಫೋನು ಯಾಕೆ ಅಂತ. ಡಲ್ಲಸ್‌ನಲ್ಲಿರುವ ತಮ್ಮನದು ಎಚ್-1ಬಿ ಕೆಲಸದ ವೀಸಾ, ಗ್ರೀನ್ ಕಾರ್ಡಿನ ಸಾಲಿನಲ್ಲಿ ಅವನ ಸರದಿ ಈ ಜನ್ಮದಲ್ಲಿ ಬಂದರೆ ಪುಣ್ಯ. ಅವನ ಹೆಂಡತಿಗೆ ಮಾರ್ಚ್‌ನಲ್ಲಿ ದಿನ ತುಂಬುತ್ತೆ.

ಹಾಗೆಲ್ಲ ಒಂದು ಸಹಿಯಿಂದ ಆಗೋಲ್ಲ, ಇಲ್ಲಿ ಹುಟ್ಟಿದವರು ಇಲ್ಲಿನ ಪ್ರಜೆ ಅಂತ 1868ರಿಂದ ಸಂವಿಧಾನದಲ್ಲಿ ಇದೆ, ಹದಿನಾಲ್ಕನೇ ತಿದ್ದುಪಡಿ, ಕೋರ್ಟು ಬಿಡೋದಿಲ್ಲ ಅಂದೆ. ಗಟ್ಟಿಯಾಗೇ ಅಂದೆ.

"ಸಂವಿಧಾನ ಇಂದಿರಮ್ಮನ ಕಾಲದಾಗೂ ಇತ್ತಲ್ಲವ್ವಾ" ಅಂದ ಅಪ್ಪ.

ನಾನು ಹಿಮದ ವಿಷಯ ತೆಗೆದೆ. ಪುಟ್ಟನಿಗೆ ಟೋಪಿ ಹಾಕು ಅಂತ ಹೇಳಿ ಇಟ್ಟ.

ಪ್ರಮಾಣವಚನಕ್ಕೆ ಇನ್ನು ಹನ್ನೊಂದು ದಿನ. ಕಾರ್ಟರ್ ಸಾವಿಗೆ ಅರ್ಧಕ್ಕಿಳಿಸಿದ ಬಾವುಟ ಅವತ್ತೂ ಹಾಗೇ ಇರುತ್ತಲ್ಲ ಅಂತ ಟ್ರಂಪ್ ಆಗಲೇ ಗೊಣಗಿಯಾಗಿದೆ. ತಮ್ಮನಿಗೆ ಫೋನ್ ಮಾಡಬೇಕು. ಆದರೆ ಏನಂತ ಕೇಳುವುದು, ಆಸ್ಪತ್ರೆ ಚೀಲ ಕಟ್ಟಿದ್ದೀರಾ ಅಂತಲೋ, ವಕೀಲರಿಗೆ ಬರೆದಿದ್ದೀಯಾ ಅಂತಲೋ, ಅವನು ತಾನಾಗಿ ಇದರ ಬಗ್ಗೆ ಒಂದು ಮಾತೂ ಎತ್ತಿಲ್ಲ, ನಾನು ಎತ್ತಿದರೆ ಅವಳ ಕಿವಿಗೂ ಬೀಳುತ್ತೆ, ಹಾಗಂತ ಕೇಳದೆ ಇದ್ದರೆ ಅಕ್ಕ ಅಂತ ನಾನು ಇಲ್ಲಿ ಇದ್ದೂ