ಕಥೆಯ ವಾಕ್ಯ, ಕರಾರಿನ ವಾಕ್ಯ

ನನ್ನ ಮೊದಲ ಕಥಾಸಂಕಲನದ ಕರಡಚ್ಚನ್ನು ನಾಲ್ಕು ಸಲ ತಿದ್ದಿದ್ದೆ. ಒಂದು ಕಥೆಯ ಕೊನೆಯ ಸಾಲಿನಲ್ಲಿ ‘ಹೋದಳು’ ಎಂದಿರಬೇಕೋ ‘ಹೊರಟಳು’ ಎಂದಿರಬೇಕೋ ಎಂದು ತೀರ್ಮಾನಿಸಲು ಒಂದಿಡೀ ಸಂಜೆ ಬೇಕಾಯಿತು. ಅದೇ ಪುಸ್ತಕದ ಕರಾರುಪತ್ರ ಬಂದಾಗ ಮೂರು ಪುಟಗಳನ್ನು ಮಗುಚಿ ಸಹಿ ಹಾಕಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಕೆಲವು ವರ್ಷಗಳ ನಂತರ ಆ ಕಥೆಯನ್ನು ಆಡಿಯೋ ರೂಪಕ್ಕೆ ತರಲು ಒಬ್ಬರು ಅನುಮತಿ ಕೇಳಿದಾಗ ಹಳೆಯ ಕಡತವನ್ನು ತೆರೆದು ನೋಡಿದೆ. ಈಗಿರುವ ಮತ್ತು ಮುಂದೆ ಬರಬಹುದಾದ ಎಲ್ಲ ಮಾಧ್ಯಮಗಳ ಹಕ್ಕುಗಳೂ ಪ್ರಕಾಶಕರಿಗೆ ಸೇರಿದ್ದವು. ಆ ವಾಕ್ಯದಲ್ಲಿ ಅಸ್ಪಷ್ಟವಾದದ್ದು ಏನೂ ಇರಲಿಲ್ಲ. ನಾನು ಅದನ್ನು ಓದಿರಲಿಲ್ಲ, ಅಷ್ಟೆ.

ಕಥೆಗಾರರಿಗೆ ಬರವಣಿಗೆಯ ಕಸುಬು ಬೇರೆ, ವ್ಯವಹಾರ ಬೇರೆ ಎಂಬ ಮಾತನ್ನು ಅಲ್ಲಿಯವರೆಗೆ ನಾನೂ ನಂಬಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಒಂದು ವಾಕ್ಯ ನಿಜಕ್ಕೂ ಏನು ಹೇಳುತ್ತಿದೆ, ಏನನ್ನು ಹೇಳದೆ ಬಿಟ್ಟಿದೆ ಎಂದು ನಿಂತು ಓದುವ ಅಭ್ಯಾಸವನ್ನೇ ಎರಡೂ ಬೇಡುತ್ತವೆ.

ಆ ಅಭ್ಯಾಸ ನನಗೆ ಬಂದದ್ದು ತಿದ್ದುವಾಗ. ಹಸ್ತಪ್ರತಿಯನ್ನು ಕೆಲವು ವಾರ ಮುಟ್ಟದೆ ಇಟ್ಟು, ಆಮೇಲೆ ಪ್ರತಿ ಓದಿನಲ್ಲೂ ಒಂದೇ ಒಂದು ಸಂಗತಿಯನ್ನು ಹುಡುಕುತ್ತೇನೆ. ಎಲ್ಲವನ್ನೂ ಒಟ್ಟಿಗೆ ಸರಿಪಡಿಸಲು ಹೊರಟರೆ ಕಣ್ಣು ಕಥೆಯ ಹಿಂದೆ ಓಡಿ ಭಾಷೆಯನ್ನು ಮರೆಯುತ್ತದೆ. ಉದಾಹರಣೆಗೆ ಸರ್ವನಾಮ. ನಮ್ಮ ಕ್ರಿಯಾಪದವೇ ಲಿಂಗವನ್ನೂ ವಚನವನ್ನೂ ಹೊತ್ತಿರುವುದರಿಂದ ‘ಬಾಗಿಲು ತೆರೆದಳು’ ಎಂದರೆ ಸಾಕು. ಆದರೂ ಮೊದಲ ಕರಡಿನಲ್ಲಿ ಸಾಲುಸಾಲಿಗೂ ‘ಅವಳು’ ಬಂದು ಕೂತಿರುತ್ತಾಳೆ. ಅನಗತ್ಯವಾದವುಗಳನ್ನೆಲ್ಲ ತೆಗೆದ ಮೇಲೆ ಉಳಿದ ಒಂದೇ ಒಂದು ‘ಅವಳು’ವಿಗೆ ಎಂಥ ಒತ್ತು ಬರುತ್ತದೆಂದರೆ, ತೆರೆಯಬೇಕಾದವರು ಬೇರೆ ಯಾರೋ ಇದ್ದರು ಎಂಬುದು ಹೇಳದೆಯೇ ಓದುಗರಿಗೆ ಹೊಳೆಯುತ್ತದೆ. ‘ಎಂದು ಅವನಿಗೆ ಅನ್ನಿಸಿತು’ ಎಂಬುದರ ಸಂಗತಿಯೂ ಹೀಗೆಯೇ. ‘ಇನ್ನು ಯಾರೂ ಬರುವುದಿಲ್ಲ ಎಂದು ಅವನಿಗೆ ಅನ್ನಿಸಿತು’ ಎನ್ನುವಾಗ ನಿರೂಪಕ ನಡುವೆ ನಿಂತಿರುತ್ತಾನೆ. ‘ಇನ್ನು ಯಾರೂ ಬರುವುದಿಲ್ಲ’ ಎಂದಷ್ಟೇ ಬರೆದರೆ ನಾವು ಪಾತ್ರದ ಮನಸ್ಸಿನೊಳಗೇ ಇರುತ್ತೇವೆ. ಎಲ್ಲಿ ಯಾವುದು ಬೇಕು ಎಂಬುದು ಆ ಪುಟದಲ್ಲಿ ನಾವು ಪಾತ್ರದಿಂದ ಎಷ್ಟು ದೂರ ನಿಲ್ಲಬೇಕು ಎಂಬುದನ್ನು ಅವಲಂಬಿಸಿದೆ. ಕೊನೆಯ ಓದು ಯಾವಾಗಲೂ ಗಟ್ಟಿಯಾಗಿ. ಸಂಭಾಷಣೆಯಲ್ಲಿ ನಾಲಿಗೆ ತಡವರಿಸಿದಲ್ಲೆಲ್ಲ ಪಾತ್ರ ಲೇಖಕರ ಗ್ರಾಂಥಿಕ ಭಾಷೆಯನ್ನು ಎರವಲು ಪಡೆದಿರುತ್ತದೆ.

ಇದೇ ಕಣ್ಣನ್ನು ಕರಾರಿನ ಮೇಲೆ ಇಡಬಹುದೆಂದು ತಿಳಿದ ಮೇಲೆ ಕರಾರುಗಳ ಬಗೆಗಿನ ಭಯ ಹೋಯಿತು. 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ಕೃತಿಸ್ವಾಮ್ಯಕ್ಕೆ ನೋಂದಣಿ ಬೇಕಿಲ್ಲ. ಬರೆದವರಿಗೆ ಅದು ತಾನಾಗಿ ಸೇರುತ್ತದೆ, ಮತ್ತು ಸಾಮಾನ್ಯ ನಿಯಮದಂತೆ ಲೇಖಕರ ಜೀವಿತಾವಧಿ ಹಾಗೂ ಆಮೇಲಿನ ಕನಿಷ್ಠ 50 ವರ್ಷ ಉಳಿಯುತ್ತದೆ. ಆದ್ದರಿಂದ ಕರಾರಿನ ಮೊದಲ ಪ್ರಶ್ನೆ, ನಮ್ಮದೇ ಆಗಿರುವುದರಲ್ಲಿ ಯಾವ ಭಾಗವನ್ನು, ಎಷ್ಟು ಕಾಲಕ್ಕೆ, ಯಾವ ಪ್ರದೇಶಕ್ಕೆ ಕೊಡುತ್ತಿದ್ದೇವೆ ಎಂಬುದು. ಮುದ್ರಣ, ಇ-ಪುಸ್ತಕ, ಆಡಿಯೋ, ಅನುವಾದ, ಚಲನಚಿತ್ರ ಇವೆಲ್ಲ ಬೇರೆಬೇರೆ ಹಕ್ಕುಗಳು. ಮುದ್ರಿಸುವವರಿಗೆ ಮುದ್ರಣದ ಹಕ್ಕನ್ನು ಕೊಟ್ಟು ಉಳಿದವನ್ನು ಉಳಿಸಿಕೊಳ್ಳಲು ಕೇಳುವುದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ನಾನು ಕೇಳಿದಾಗ ಎರಡು ಸಲ ಒಪ್ಪಿದ್ದಾರೆ, ಒಂದು ಸಲ ಒಪ್ಪಿಲ್ಲ. ರಾಯಲ್ಟಿಯ ವಿಷಯದಲ್ಲಿ ಶೇಕಡಾವಾರು ಅಂಕಿಗಿಂತ ಅದು ಯಾವುದರ ಶೇಕಡಾವಾರು ಎಂಬುದನ್ನು ಮೊದಲು ನೋಡಬೇಕು. ಮಾರಾಟಗಾರರಿಗೆ ಶೇ 40 ರಿಯಾಯಿತಿ ಕೊಡುವ ಪ್ರಕಾಶಕರು, ತಮ್ಮ ಕೈಗೆ ಬಂದ ಹಣದ ಶೇ 10 ಎಂದು ಬರೆದಿದ್ದರೆ ಅದು ಮುಖಬೆಲೆಯ ಶೇ 6 ಮಾತ್ರ. ಮುಂಗಡ ಎಂಬುದೂ ಮುಂದಿನ ರಾಯಲ್ಟಿಯಿಂದ ಕಳೆಯುವ ಮೊತ್ತವೇ ಹೊರತು ಬೇರೆ ಗೌರವಧನವಲ್ಲ. ಪುಸ್ತಕ ಮಾರಾಟವಾಗದಿದ್ದರೆ ಅದನ್ನು ಹಿಂತಿರುಗಿಸಬೇಕೇ ಎಂಬುದನ್ನು ಕರಾರು ಸ್ಪಷ್ಟವಾಗಿ ಹೇಳಿರಬೇಕು.

ನಾನೊಂದು ಸರಳ ಪಟ್ಟಿಯನ್ನು ಇಟ್ಟುಕೊಂಡಿದ್ದೇನೆ. ಯಾವ ಕಥೆ, ಎಷ್ಟನೆಯ ಕರಡು, ಯಾವ ದಿನ ಯಾರಿಗೆ ಕಳಿಸಿದ್ದು, ಉತ್ತರವೇನು, ಯಾವ ಹಕ್ಕನ್ನು ಕೊಟ್ಟದ್ದು, ಹಣ ಬಂತೇ ಇಲ್ಲವೇ ಎಂಬುದೆಲ್ಲ ಅದರಲ್ಲಿದೆ. ಒಂದೇ ಕಥೆಯನ್ನು ಮರೆತು ಎರಡು ಪತ್ರಿಕೆಗಳಿಗೆ ಕಳಿಸಿ, ಎರಡೂ ಕಡೆ ಸ್ವೀಕೃತವಾಗಿ, ಒಬ್ಬ ಸಂಪಾದಕರ ಮುಂದೆ ತಲೆ ತಗ್ಗಿಸಬೇಕಾಗಿ ಬಂದ ಮೇಲೆ ಶುರುವಾದ ಪಟ್ಟಿ ಇದು. ವಾರದಲ್ಲಿ ಒಂದು ಮಧ್ಯಾಹ್ನ ಇದಕ್ಕೂ ಪತ್ರವ್ಯವಹಾರಕ್ಕೂ ಮೀಸಲು. ಬೆಳಗಿನ ಹೊತ್ತು ಕಥೆಯದ್ದು. ಪ್ರಚಾರದ ಬಗ್ಗೆ ಹೇಳಲು ನನಗೆ ಹೆಚ್ಚೇನೂ ಇಲ್ಲ. ಹೊಸ ಪುಸ್ತಕ ಬಂದಾಗ ಓದುಗರಿಗೆ ತಿಳಿಸುತ್ತೇನೆ, ಪತ್ರ ಬರೆದವರಿಗೆ ಉತ್ತರಿಸುತ್ತೇನೆ.

ಆ ಮೊದಲ ಕರಾರನ್ನು ಕೊನೆಗೂ ಪೂರ್ತಿ ಓದಿದಾಗ ಮೂರನೆಯ ಪುಟದಲ್ಲಿ ಇನ್ನೊಂದು ವಾಕ್ಯ ಸಿಕ್ಕಿತು. ಪ್ರತಿಗಳು ಮುಗಿದು, ಲೇಖಕರು ಲಿಖಿತವಾಗಿ ಕೇಳಿದ ಆರು ತಿಂಗಳೊಳಗೆ ಮರುಮುದ್ರಣವಾಗದಿದ್ದರೆ ಹಕ್ಕುಗಳೆಲ್ಲ ಲೇಖಕರಿಗೆ ಮರಳುತ್ತವೆ ಎಂದು ಅದರಲ್ಲಿತ್ತು. ಪುಸ್ತಕ ಎಲ್ಲಿಯೂ ಸಿಗದೆ ಎರಡು ವರ್ಷಗಳಾಗಿದ್ದವು. ಪತ್ರ ಬರೆದೆ, ದಿನಾಂಕವನ್ನು ಪಟ್ಟಿಗೆ ಸೇರಿಸಿದೆ, ಕಾದೆ. ಏಳನೆಯ ತಿಂಗಳಲ್ಲಿ ಹಕ್ಕುಗಳು ಮರಳಿರುವುದನ್ನು ದೃಢೀಕರಿಸಿ ಪ್ರಕಾಶಕರಿಂದ ಎರಡು ಸಾಲಿನ ಉತ್ತರ ಬಂತು. ಆಡಿಯೋದವರು ಪುಣ್ಯಕ್ಕೆ ಇನ್ನೂ ಕಾಯುತ್ತಿದ್ದರು. ಅವರಿಗೆ ಪಠ್ಯ ಕೊಡುವ ಮುನ್ನ ಆ ಕಥೆಯನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿದೆ. ಮೊದಲ ಪುಟದಲ್ಲಿದ್ದ ಏಳು ‘ಅವಳು’ಗಳಲ್ಲಿ ಐದನ್ನು ತೆಗೆದೆ. ಕೊನೆಯ ಸಾಲಿನ ‘ಹೊರಟಳು’ ಹಾಗೆಯೇ ಉಳಿಯಿತು.